ಜಲಾಲುದ್ದೀನನ ಹದಿನೆಂಟು ಸಾವಿರ

ಇಳಕಲ್ಲಿನ ಮಟನ್ ಮಾರ್ಕೆಟ್ಟಿನಲ್ಲಿ ಜಲಾಲುದ್ದೀನನ ಅಂಗಡಿಗೂ ಅಕ್ಬರಸಾಬನ ಅಂಗಡಿಗೂ ನಡುವೆ ಒಂದು ತಳ್ಳುಗಾಡಿ ಹೋಗುವಷ್ಟು ಜಾಗ. ಸ್ವಂತ ಷಡ್ಡಕನನ್ನು ಇಷ್ಟು ಹತ್ತಿರ, ಅದೂ ಎದುರಿಗೇ ತಂದು ಕೂರಿಸಿದ ದೇವರಿಗೆ ಏನೋ ಒಂದು ಉದ್ದೇಶ ಇದ್ದಿರಲೇಬೇಕು. ಅದು ಒಳ್ಳೆಯ ಉದ್ದೇಶವೆಂದು ಮಾತ್ರ ಜಲಾಲುದ್ದೀನನಿಗೆ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ.

ಇಬ್ಬರೂ ಹುನಗುಂದದ ಶಮಶಾದಬಿಯ ಅಳಿಯಂದಿರು. ದೊಡ್ಡ ಮಗಳು ಕಾಸಿಂಬಿಯ ಗಂಡ ಜಲಾಲುದ್ದೀನ, ಚಿಕ್ಕ ಮಗಳು ಸಾಜಿಯಾಳ ಗಂಡ ಅಕ್ಬರಸಾಬ. ಹಿರಿಯಳಿಯನೆಂದ ಮೇಲೆ ಮಾನ ಹೆಚ್ಚಿರಬೇಕು ತಾನೆ? ಆದರೆ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗ ಮಜ್ಜೆ ತುಂಬಿದ ನಳ್ಳಿ ಎಲುಬು ದಾರಿ ಗೊತ್ತಿದ್ದ ಹಾಗೆ ನೇರವಾಗಿ ಅಕ್ಬರಸಾಬನ ತಾಟಿಗೇ ಹೋಗಿ ಬೀಳುತ್ತಿತ್ತು. "ಅವ ಭಾಳ ನಗಸ್ತಾನ, ಪಾಪ" ಎಂಬುದು ಅತ್ತೆಯ ಸಮಜಾಯಿಷಿ. ನಗಿಸುವವನಿಗೆ ನಳ್ಳಿ, ಸುಮ್ಮನೆ ಕೂತು ಉಣ್ಣುವವನಿಗೆ ಪಕ್ಕೆಲುಬು! ಅಕ್ಬರಸಾಬ ಅದನ್ನು ತಾಟಿನ ಅಂಚಿಗೆ ಠಕ್ ಠಕ್ ಎಂದು ಬಡಿದು, ಸುರ್ರೆಂದು ಹೀರುವ ಸದ್ದು ಕೇಳಿದಾಗಲೆಲ್ಲ ಜಲಾಲುದ್ದೀನನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಅವನಿಗೆ ಇದ್ದ ಸಮಾಧಾನ ಒಂದೇ. ಅತ್ತೆಯ ಮನೆಯಲ್ಲಿ ಯಾವ ಕಾರ್ಯವಾದರೂ ಮಟನ್ ಹೋಗುವುದು ಹಿರಿಯಳಿಯನ ಅಂಗಡಿಯಿಂದ. ಈಗ ಶಮಶಾದಬಿಯ ಮಗನ ಮಗಳು ಆಫ್ರೀನಳ ಮದುವೆ ಬಾಗಲಕೋಟೆಯ ದೊಡ್ಡ ಮನೆತನದ ಹುಡುಗನೊಂದಿಗೆ ಗೊತ್ತಾಗಿತ್ತು. ಆ ಮದುವೆಯ ಮಟನ್ ತನ್ನದೇ ಎಂದು ಜಲಾಲುದ್ದೀನ ಆಗಲೇ ಚಾಕು ಮಸೆಯತೊಡಗಿದ್ದ.

ಇನ್ನೊಂದು ಮಾತು ಹೇಳಿಬಿಡಬೇಕು. ಜಲಾಲುದ್ದೀನನಿಗೆ ತೊಳೆಯುವ ಹುಚ್ಚು. ಬೆಳಗಾದರೆ ಕೊಕ್ಕೆಗಳಿಗೆ ಕುದಿಯುವ ನೀರು, ಕಡಿಯುವ ಮರದ ದಿಮ್ಮಿಗೆ ಉಪ್ಪು ಹಾಕಿ ತಿಕ್ಕಾಟ, ಒಬ್ಬ ಗಿರಾಕಿ ಹೋದರೆ ಚಾಕುವಿಗೊಂದು ಸ್ನಾನ. "ಮಾರೂದಕ್ಕಿಂತ ತೊಳಿಯೂದ ಹೆಚ್ಚಾತು. ಅಂಗಡಿ ತಗದು ಲಾಂಡ್ರಿ ಇಡ್ರಿ" ಎಂದು ಕಾಸಿಂಬಿ ಹೇಳಿ ಹೇಳಿ ಸೋತಿದ್ದಳು. ಅಕ್ಬರಸಾಬನದು ಹೊಲಸು ಅಂಗಡಿಯೇನಲ್ಲ, ನಾಲ್ಕು ಮಂದಿಯ ಅಂಗಡಿ ಇರುವ ಹಾಗಿತ್ತು. ಆದರೆ ಅಲ್ಲಿ ಟಿ.ವಿ. ಇತ್ತು, ನಗೆಚಾಟಿಕೆ ಇತ್ತು, ಆದ್ದರಿಂದ ಮಂದಿಯೂ ಇತ್ತು.

ಇಂಥ ಸ್ಥಿತಿಯಲ್ಲಿ ಮಾರ್ಕೆಟ್ಟಿಗೆ ಬಂದವಳು ಪ್ರಾಚಿ. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಹುಟ್ಟಿದಾಗಿನಿಂದ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನದವಳು, ಕೈಗೆ ರಬ್ಬರ್ ಗವಸು, ಮುಖಕ್ಕೆ ಮಾಸ್ಕು, ಬಗಲಲ್ಲಿ ಐಸಿನ ಡಬ್ಬಿ ಹಿಡಿದು ಜಲಾಲುದ್ದೀನನ ಮುಂದೆ ನಿಂತಳು.

"ಕಾಕಾ, ಹಸಿ ಮಾಂಸದಾಗ ಗ್ರಾಮಿಗೆ ಎಷ್ಟು ಜೀವಾಣು ಅವ ಅಂತ ಎಣಸ್ಲಿಕತ್ತೇನಿ. ಎಣಿಸೋ ಪದ್ಧತಿ ಎರಡವ, ಒಂದು ಹಳೇದು, ಒಂದು ಹೊಸಾದು. ಎರಡೂ ಒಂದ ಉತ್ತರಾ ಕೊಡ್ತಾವೋ ಇಲ್ಲೋ ನೋಡಬೇಕಾಗೇದ. ಈಗೊಂದು ಸಣ್ಣ ತುಂಡು ಕೊಡ್ರಿ, ಇನ್ನೊಮ್ಮೆ ಬಂದು ಮತ್ತೊಂದು ಒಯ್ತೇನಿ."

"ಹೆಚ್ಚಿಗಿ ಇದ್ರ ಛಲೋನೋ, ಕಡಿಮಿ ಇದ್ರ ಛಲೋನೋ?" ಎಂದು ಕೇಳಿದ ಜಲಾಲುದ್ದೀನ. ಈ ಇಡೀ ಪ್ರಕರಣದಲ್ಲಿ ಅವನು ಕೇಳಿದ ಬುದ್ಧಿವಂತಿಕೆಯ ಪ್ರಶ್ನೆ ಇದೊಂದೇ. ದುರ್ದೈವವೆಂದರೆ ಇದಕ್ಕೆ ಉತ್ತರ ಸಿಗಲಿಲ್ಲ.

"ಅದನ್ನ ಈಗ ಹೇಳೂಹಂಗಿಲ್ಲ ಕಾಕಾ. ಹೇಳಿದ್ರ ಅಂಗಡಿಯವರು ತಮ್ಮ ರೀತಿ ಬದಲು ಮಾಡ್ತಾರ, ಲೆಕ್ಕಾ ಕೆಡತದ ಅಂತ ನಮ್ಮ ಸರ್ ತಾಕೀತು ಮಾಡ್ಯಾರ. ನಂಬರ್ ಅಷ್ಟ ಕಳಸ್ತೇನಿ. ಕೆಲಸ ಮುಗದ ಮ್ಯಾಲೆ ನಾನ ಬಂದು ಎಲ್ಲಾ ತಿಳಿಸಿ ಹೇಳ್ತೇನಿ."

ಎದುರಂಗಡಿಯಿಂದಲೂ ಒಂದು ತುಂಡು ತೆಗೆದುಕೊಂಡು ಅವಳು ಹೋದಳು. ಮುಂದಿನ ವಾರ ಇಬ್ಬರ ಮೊಬೈಲಿಗೂ ಸಂದೇಶ ಬಂತು. ಹಳೆಯ ಪದ್ಧತಿಯಲ್ಲಿ ಜಲಾಲುದ್ದೀನನಿಗೆ ಗ್ರಾಮಿಗೆ ಹದಿನೆಂಟು ಸಾವಿರ, ಅಕ್ಬರಸಾಬನಿಗೆ ನಾಲ್ಕು ಲಕ್ಷ. ಹೊಸ ಪದ್ಧತಿಯಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಕಡಿಮೆ.

ಮೊಬೈಲು ಹಿಡಿದು ಇಬ್ಬರೂ ಚಹಾದಂಗಡಿಯ ಮುದಕಪ್ಪನ ಹತ್ತಿರ ಹೋದರು. ಮಾರ್ಕೆಟ್ಟಿನ ಸಕಲ ಸಂಶಯಗಳೂ ಅಲ್ಲೇ ಪರಿಹಾರವಾಗುವುದು. ಮುದಕಪ್ಪನಿಗೆ ಗುಡೂರಿನಲ್ಲಿ ಕಡಲೆ ಬಿತ್ತುವ ಹೊಲ ಇತ್ತು. ಅವನು ಸಂದೇಶವನ್ನು ಎರಡು ಸಲ ಓದಿ, ಸೋಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ತೀರ್ಪು ಕೊಟ್ಟ.

"ಇದು ನನಗ ಗೊತ್ತೈತಿ ತಡೀರಿ. ಕಡ್ಲಿ ಬೀಜಕ್ಕ ಹಚ್ಚೂ ಜೀವಾಣು ಗೊಬ್ಬರ ಬರತೈತಲ್ಲ, ಅದರ ಪಾಕೀಟಿನ ಮ್ಯಾಲೆ ಥೇಟ್ ಹಿಂಗ ಬರದಿರತಾರ. ಗ್ರಾಮಿಗೆ ಇಷ್ಟು ಕೋಟಿ ಜೀವಾಣು ಅಂತ. ಹೆಚ್ಚಿದ್ದಷ್ಟು ಮಾಲು ಛಲೋ. ಕಡಿಮಿ ಇದ್ರ ನಾವು ಅಂಗಡಿಯವನ ಮಾರಿಗೆ ಒಗದು ಬರ್ತೇವಿ."

"ಅಂದ್ರ?" ಎಂದ ಜಲಾಲುದ್ದೀನ.

"ಅಂದ್ರ ಅಕ್ಬರಸಾಬನ ಮಟನ್ ಫಸ್ಟ್ ಕ್ಲಾಸು. ನಿಂದು..." ಮುದಕಪ್ಪ ಸಂಕಟದಿಂದ ಒಲೆಯ ಕಡೆ ನೋಡಿದ. "ನೀ ಒಂದ್ ಕಪ್ ಚಾ ಕುಡಿ. ರೊಕ್ಕಾ ಬ್ಯಾಡ."

ಪುಕ್ಕಟೆ ಚಹಾ ಕೊಡದ ಮುದಕಪ್ಪ ಪುಕ್ಕಟೆ ಚಹಾ ಕೊಟ್ಟನೆಂದರೆ ಪರಿಸ್ಥಿತಿ ಎಷ್ಟು ಕೆಟ್ಟಿದೆಯೆಂದು ಜಲಾಲುದ್ದೀನನಿಗೆ ಅರ್ಥವಾಯಿತು.

ಸಂಜೆಯೊಳಗೆ ಅಕ್ಬರಸಾಬ ಇಡೀ ಮಾರ್ಕೆಟ್ಟಿಗೆ ಪೇಡೆ ಹಂಚಿದ. ಜಲಾಲುದ್ದೀನನ ಅಂಗಡಿಗೆ ಖುದ್ದಾಗಿ ಬಂದು, ಎರಡು ಪೇಡೆ ಕೈಯಲ್ಲಿಟ್ಟು, ಬೆನ್ನು ಸವರಿದ. "ತಗೋ ಭಾಯಿ, ಬಾಯಿ ಸಿಹಿ ಮಾಡ್ಕೋ. ಮನಸಿಗೆ ಹಚ್ಕೋಬ್ಯಾಡ. ಮುಂದಿನ ಸಲ ಛಲೋ ಪ್ರಯತ್ನಾ ಮಾಡು, ನಿನಗೂ ಬರ್ತೈತಿ." ನಪಾಸಾದ ಹುಡುಗನನ್ನು ಸಮಾಧಾನ ಮಾಡುವ ಆ ದನಿ ಕೇಳಿ ಜಲಾಲುದ್ದೀನ ಪೇಡೆ ಬದಿಗಿಟ್ಟು ಕೈ ತೊಳೆದುಕೊಂಡ.

ಮರುದಿನ ಎದುರಂಗಡಿಯ ಮೇಲೆ ಫ್ಲೆಕ್ಸ್ ಎದ್ದಿತು. ತಂಪುಗನ್ನಡಕ ಹಾಕಿಕೊಂಡು ಕೈಮುಗಿದು ನಿಂತ ಅಕ್ಬರಸಾಬ, ಅವನ ತಲೆಯ ಸುತ್ತ ಕಿರಣಗಳು, ಕೆಳಗೆ ದಪ್ಪಕ್ಷರದಲ್ಲಿ "ಗ್ರಾಮಿಗೆ ನಾಲ್ಕು ಲಕ್ಷ!" ವಾರ್ಡಿನ ಮೆಂಬರು ಬಂದು ಹಾರ ಹಾಕಿದರು. ಯಾತಕ್ಕೆ ಹಾಕುತ್ತಿದ್ದೇನೆಂದು ಅವರು ಕೇಳಲಿಲ್ಲ. ಫೋಟೋದವನು ಬಂದಿದ್ದಾನೋ ಇಲ್ಲವೋ ಎಂದಷ್ಟೇ ಕೇಳಿದರು. ಇಪ್ಪತ್ತು ವರ್ಷಗಳಿಂದ ಜಲಾಲುದ್ದೀನನಲ್ಲೇ ಒಯ್ಯುತ್ತಿದ್ದ ಗಿರಾಕಿಗಳು ಅವನ ಕಣ್ಣು ತಪ್ಪಿಸಿ ಎದುರಿಗೆ ಸರಿದರು. ಒಬ್ಬ ನಿವೃತ್ತ ಕಂಡಕ್ಟರನಂತೂ ಎದುರಂಗಡಿಯ ಮಟನ್ ಉಂಡ ಮರುದಿನ ಬಂದು, "ಮೊಳಕಾಲ ನೋವ ಹೋತಲೇ!" ಎಂದು ಮಾರ್ಕೆಟ್ಟಿನ ನಡುವೆ ಎರಡು ಬೈಠಕ್ ಹೊಡೆದು ತೋರಿಸಿದ.

ಜಲಾಲುದ್ದೀನನ ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಭಗಭಗ ಉರಿಯಿತು.

ಮನೆಗೆ ಹೋದರೆ ಕಾಸಿಂಬಿ ಮುಖ ಗಂಟು ಹಾಕಿಕೊಂಡು ಕೂತಿದ್ದಳು. "ಸಾಜಿಯಾ ಫೋನ್ ಮಾಡಿದ್ಲು. ಅರಾಮ ಅದೀಯೇನು ಅಂತ ಕೇಳೂಕಿಂತ ಮೊದಲ ನಾಲ್ಕ ಲಕ್ಷ ಅಂದ್ಲು. ಫೋನ್ ಇಡೂ ಮುಂದನೂ ನಾಲ್ಕ ಲಕ್ಷ ಅಂದ್ಲು. ಅಮ್ಮಾನೂ ಮಾತಾಡಿದ್ಲು."

"ಏನಂದ್ರು?"

"ಬೀಗರು ದೊಡ್ಡ ಮಂದಿ. ಹದಿನೆಂಟ ಸಾವಿರದ ಮಟನ್ ಉಣಿಸಿದ್ರ ಏನ್ ತಿಳ್ಕೋತಾರ ಅಂದ್ಲು. ಬರೂ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಬೀಗರನ್ನ ಕರ್ಕೊಂಡ ಮಾರ್ಕೆಟ್ಟಿಗೆ ಬರ್ತಾಳಂತ. ನೋಡಿ ಪಕ್ಕಾ ಮಾಡ್ತಾಳಂತ."

ನಳ್ಳಿ ಹೋಗಿತ್ತು, ಈಗ ಮದುವೆಯೂ ಹೊರಟಿತು. ಜಲಾಲುದ್ದೀನ ಮರುದಿನ ಬೆಳಗಿನ ಬಸ್ಸಿಗೇ ಬಾಗಲಕೋಟೆಗೆ ಹೋದ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಪ್ರಾಚಿ ಗಾಜಿನ ಸಣ್ಣ ತಟ್ಟೆಯೊಂದರ ಮೇಲೆ ಬಗ್ಗಿ, ಪೆನ್ನಿನಿಂದ ಒಂದೊಂದೇ ಚುಕ್ಕೆಗೆ ಗುರುತು ಹಾಕುತ್ತಾ ಎಣಿಸುತ್ತಿದ್ದಳು. ಇವನನ್ನು ನೋಡಿ ಅವಳ ಮುಖ ಅರಳಿತು. ಸಂಶೋಧನೆ ಶುರುವಾದಾಗಿನಿಂದ ಅವಳ ಕೆಲಸದ ಬಗ್ಗೆ ತಾನಾಗಿ ಕೇಳಿಕೊಂಡು ಬಂದ ಮೊದಲ ಮನುಷ್ಯ ಇವನು. ಅವಳ ಸ್ವಂತ ತಂದೆಯೂ ಬಂದಿರಲಿಲ್ಲ.

"ಕೂಡ್ರಿ ಕಾಕಾ! ಇದು ಹಳೇ ಪದ್ಧತಿ. ಮಾಂಸ ಅರದು, ನೀರಾಗ ತಿಳಿ ಮಾಡಿ, ಈ ತಟ್ಟಿಗೆ ಹಾಕಿ ಎರಡು ದಿನ ಬೆಚ್ಚಗ ಇಡ್ತೇವಿ. ಒಂದೊಂದು ಜೀವಾಣು ಬೆಳದು ಒಂದೊಂದು ಚುಕ್ಕಿ ಆಗತದ. ಹೊಸಾ ಪದ್ಧತಿಗೆ ಈ ಕಾರ್ಡು. ಮ್ಯಾಲೆ ಒಂದು ಹನಿ ಬಿಟ್ರ ಆತು, ಚುಕ್ಕಿ ಕೆಂಪಗ ಕಾಣತಾವ. ಎಣಸ್ಲಿಕ್ಕೆ ಹಗರ."

ಜಲಾಲುದ್ದೀನ ತಟ್ಟೆ ನೋಡಿದ, ಕಾರ್ಡು ನೋಡಿದ. ತಟ್ಟೆ ಧಾರಾಳಿ, ಕಾರ್ಡು ಜಿಪುಣ ಎಂಬುದನ್ನು ಅವನು ಸಂದೇಶ ಬಂದಾಗಲೇ ಕಂಡುಕೊಂಡಿದ್ದ. ಪೇಪರು ತಿದ್ದುವ ಮಾಸ್ತರರಲ್ಲೂ ಇಂಥ ಎರಡು ಜಾತಿ ಇರುವುದು ಅವನಿಗೆ ಗೊತ್ತಿತ್ತು.

"ಬಾಯಾರ, ಒಂದ್ ಮಾತು. ನನ್ನ ಮಟನ್ ತಟ್ಟ್ಯಾಗ ಎಣಸ್ರಿ. ಅಕ್ಬರಂದು ಕಾರ್ಡಿನ್ಯಾಗ ಎಣಸ್ರಿ."

"ಹಂಗ ಮಾಡಿದ್ರ ಹೋಲಿಕಿ ಹೆಂಗಾಗತದ ಕಾಕಾ?"

"ಹೋಲಿಕಿ ಆಗೂದ ಬ್ಯಾಡ ಅಂತನ ಹೇಳಾಕತ್ತೇನಿ."

ಪ್ರಾಚಿ ಇದನ್ನು ವಿಜ್ಞಾನದ ಮೇಲಿನ ತಮಾಷೆ ಎಂದುಕೊಂಡು ನಕ್ಕಳು. ಜಲಾಲುದ್ದೀನ ದಾರಿ ಬದಲಿಸಿದ. "ಹೋಗ್ಲಿ ಬಿಡ್ರಿ. ಇವು ಕಡಿಮಿ ಯಾಕ ಆಗ್ತಾವ, ಅದನ್ನರೆ ಹೇಳ್ರಿ."

"ತೊಳದ್ರ ಕಡಿಮಿ ಆಗ್ತಾವ. ಬಿಸಿನೀರು, ಉಪ್ಪು ಇವಕ್ಕ ಆಗೂದಿಲ್ಲ. ಬಿಸಿಲಿನ್ಯಾಗ ಇಟ್ರ ತಾಸು ತಾಸಿಗೂ ಏರ್ತಾವ..." ಪ್ರಾಚಿ ಥಟ್ಟನೆ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯ, ಇದನ್ನ ನಾ ಹೇಳಬಾರದಿತ್ತು! ಸರ್‌ಗೆ ಹೇಳಬ್ಯಾಡ್ರಿ ಕಾಕಾ."

ಜಲಾಲುದ್ದೀನ ಎದ್ದು ನಿಂತ. ಇಪ್ಪತ್ತು ವರ್ಷ ಬಿಸಿನೀರು, ಇಪ್ಪತ್ತು ವರ್ಷ ಉಪ್ಪು! ತನ್ನ ಕೈಯಾರೆ ತಾನೇ ಲಕ್ಷಗಟ್ಟಲೆ ಜೀವಾಣುಗಳನ್ನು ಗಟಾರಕ್ಕೆ ಬಿಟ್ಟಿದ್ದ. ವಾಪಸು ಬರುವಾಗ ಬಸ್ಸಿನ ತುಂಬ ಅವನು ಹಣೆ ಹಣೆ ಬಡಿದುಕೊಂಡದ್ದನ್ನು ನೋಡಿ ಪಕ್ಕದ ಮುದುಕಿ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದು ತಿಳಿದು ತಾನೂ ಒಂದಿಷ್ಟು ಅತ್ತಳು.

ಮರುದಿನ ಜಲಾಲುದ್ದೀನ ಏನೂ ತೊಳೆಯಲಿಲ್ಲ. ಅಂದರೆ, ತೊಳೆಯಬಾರದೆಂದು ಪ್ರತಿಜ್ಞೆ ಮಾಡಿದ. ಮೊದಲ ಗಿರಾಕಿ ಹೋದ ಮೇಲೆ ಬಲಗೈ ತಾನಾಗಿ ಬಿಸಿನೀರಿನ ಚರಗಿಯ ಕಡೆ ಹೊರಟಿತು. ಎಡಗೈಯಿಂದ ಅದನ್ನು ಹಿಡಿದು ತಡೆದ. ಸ್ವಲ್ಪ ಹೊತ್ತಿಗೆ ದಿಮ್ಮಿಯ ಮೇಲೊಂದು ನೊಣ ಕೂತಿತು. ಅದನ್ನು ನೋಡಬಾರದೆಂದು ಗೋಡೆಯ ಕಡೆ ತಿರುಗಿ ಕೂತ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಮೈಯೆಲ್ಲ ತುರಿಕೆ ಶುರುವಾಯಿತು. ಕಡೆಗೆ ಶಟರು ಅರ್ಧ ಇಳಿಸಿ, ಕಳ್ಳನ ಹಾಗೆ ಒಳಗೆ ಕೂತು, ಕೊಕ್ಕೆ, ಚಾಕು, ದಿಮ್ಮಿ, ತಕ್ಕಡಿ ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆದ. ಹಾಗೆ ತೊಳೆದದ್ದಕ್ಕೆ ನಾಚಿಕೆಯೂ ಆಯಿತು, ಸುಖವೂ ಆಯಿತು.

ಅಂಗಡಿಯನ್ನು ಕೆಡಿಸುವುದು ತನ್ನಿಂದ ಆಗದ ಕೆಲಸ ಎಂದು ಖಾತ್ರಿಯಾದ ಮೇಲೆ ಅವನು ಬೇರೆ ಉಪಾಯ ಮಾಡಿದ. ಪ್ರಾಚಿ ಎರಡನೇ ಸಲ ಬರುವ ದಿನ ಒಂದೇ ಒಂದು ತುಂಡನ್ನು ಬೇರೆ ತೆಗೆದು, ಬೆಳಗಿನಿಂದ ಹಿಂದಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟ. ಉಳಿದ ಮಾಲೆಲ್ಲ ಒಳಗೆ ನೆರಳಲ್ಲಿ, ಬಿಳಿಯ ಬಟ್ಟೆಯ ಕೆಳಗೆ ಸುರಕ್ಷಿತವಾಗಿತ್ತು. ಬಿಸಿಲಲ್ಲಿದ್ದ ತುಂಡಿನ ಹತ್ತಿರ ಆಗಾಗ ಹೋಗಿ ಬಗ್ಗಿ ನೋಡಿ, "ಏರ್ರೆಪ್ಪಾ, ಏರ್ರಿ" ಎಂದು ಹುರಿದುಂಬಿಸಿ ಬರುತ್ತಿದ್ದ.

ಪ್ರಾಚಿ ಬಂದಳು. ಅವನು ಮುಂದಿಟ್ಟ ತುಂಡಿನಿಂದ ತನಗೆ ಬೇಕಾದಷ್ಟು ಕತ್ತರಿಸಿಕೊಂಡು ಹೋದಳು. ಉಳಿದದ್ದನ್ನು ಜಲಾಲುದ್ದೀನ ಊರ ಹೊರಗೆ ಗುಂಡಿ ತೋಡಿ ಹೂತು ಬಂದ. ನಂಬರು ಎಷ್ಟೇ ಏರಲಿ, ಬಿಸಿಲುಂಡ ಮಾಂಸವನ್ನು ನಾಯಿಗೆ ಹಾಕಲೂ ಅವನಿಗೆ ಮನಸ್ಸಾಗಲಿಲ್ಲ.

ನಂಬರು ಬಂತು. ಹಳೆಯ ಪದ್ಧತಿಯಲ್ಲಿ ಅರವತ್ತು ಲಕ್ಷ! ಜಿಪುಣ ಕಾರ್ಡು ಕೂಡ ಐವತ್ತೆರಡು ಲಕ್ಷ ಕೊಟ್ಟಿತ್ತು. ಎದುರಿನವನು ನಾಲ್ಕು ಲಕ್ಷದಲ್ಲೇ ಕೂತಿದ್ದ.

ಜಲಾಲುದ್ದೀನನ ಫ್ಲೆಕ್ಸ್ ಎಷ್ಟು ದೊಡ್ಡದಾಯಿತೆಂದರೆ ಅದನ್ನು ಕಟ್ಟಲು ಬಂದವರು ಒಂದು ತುದಿಯನ್ನು ಮುದಕಪ್ಪನ ಚಹಾದಂಗಡಿಗೆ ಬಿಗಿಯಬೇಕಾಯಿತು. "ಗ್ರಾಮಿಗೆ ಅರವತ್ತು ಲಕ್ಷ! ಇಳಕಲ್ಲಿಗೇ ಪ್ರಥಮ!" ಕೈಯಲ್ಲಿ ಚಾಕು ಹಿಡಿದ ಜಲಾಲುದ್ದೀನನ ಚಿತ್ರ ಅಕ್ಬರಸಾಬನ ಚಿತ್ರದ ಮೂರರಷ್ಟಿತ್ತು. ಅಂದು ಅವನೂ ಪೇಡೆ ಹಂಚಿದ. ಎದುರಂಗಡಿಗೆ ಹೋಗಿ, ನಾಲ್ಕು ಪೇಡೆ ಕೈಯಲ್ಲಿಟ್ಟು, "ಮನಸಿಗೆ ಹಚ್ಕೋಬ್ಯಾಡ ತಮ್ಮಾ. ಎಲ್ಲಾರಿಗೂ ಬರೂದಲ್ಲ ಇದು" ಎಂದು ಬೆನ್ನು ಸವರಿದ. ಅಕ್ಬರಸಾಬನ ಮುಖ ಬಾಡಿದ್ದನ್ನು ನೋಡಿ ಅವನು ಆ ಸಂಜೆ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಶುಕ್ರವಾರ ಬಂತು. ನಮಾಜಿನ ನಂತರ ಶಮಶಾದಬಿ ಬೀಗರನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಬಂದಳು. ಕಾಸಿಂಬಿ, ಸಾಜಿಯಾ ಇಬ್ಬರೂ ತಮ್ಮ ತಮ್ಮ ಗಂಡಂದಿರ ಫ್ಲೆಕ್ಸಿನ ಕೆಳಗೆ ನಿಂತಿದ್ದರು. ಬೀಗರು ತಲೆಯೆತ್ತಿ ಅರವತ್ತು ಲಕ್ಷ ಓದಿ, "ಮಾಶಾ ಅಲ್ಲಾ" ಎಂದರು. ಶಮಶಾದಬಿ ಹಿರಿಯಳಿಯನನ್ನು ನೋಡಿ ನಕ್ಕಳು. ಆ ನಗು ಇಷ್ಟು ವರ್ಷ ನಳ್ಳಿಯ ಜೊತೆಗೇ ಅಕ್ಬರಸಾಬನಿಗೆ ಹೋಗುತ್ತಿದ್ದ ನಗು. ಜಲಾಲುದ್ದೀನನ ಎದೆ ತುಂಬಿ ಬಂತು.

ಸರಿಯಾಗಿ ಆಗಲೇ ಪ್ರಾಚಿ ಬಂದದ್ದು. ಎಣಿಕೆ ಮುಗಿದಿತ್ತು, ಕೊಟ್ಟ ಮಾತಿನಂತೆ ತಿಳಿಸಿ ಹೇಳಲು ಬಂದಿದ್ದಳು. ಫ್ಲೆಕ್ಸ್ ನೋಡಿ ಅವಳ ಕೈಯಿಂದ ಚೀಲ ಜಾರಿತು.

"ಕಾಕಾ! ಇದೇನು? ಇದನ್ನ ಯಾರರೆ ಊರ ತುಂಬ ಬರದು ಹಾಕ್ತಾರೇನು?"

"ಯಾಕ್ರಿ ಬಾಯಾರ, ಅರವತ್ತ ಲಕ್ಷ..."

"ಅರವತ್ತು ಲಕ್ಷ ಅಂದ್ರ ಮಾಂಸ ಕೆಡೋ ಹಾದಿ ಹಿಡದದ ಅಂತ ಅರ್ಥ! ಇವು ಮಾಂಸ ಕೊಳಸೋ ಕ್ರಿಮಿ. ಕಡಿಮಿ ಇದ್ದಷ್ಟು ಛಲೋ. ನಾಲ್ಕು ಲಕ್ಷ ಅಂದ್ರ ಎಲ್ಲಾ ಅಂಗಡಿಯೊಳಗ ಇರೂಹಂಗ, ಛಂದಾಗಿ ಕುದಿಸಿ ಉಂಡ್ರ ಚಿಂತಿಲ್ಲ. ಆದ್ರ ಇದು..."

ಅಕ್ಬರಸಾಬ ಒಂದೇ ನೆಗೆತಕ್ಕೆ ಸ್ಟೂಲು ಹತ್ತಿ ತನ್ನ ಫ್ಲೆಕ್ಸ್ ಜಗ್ಗಿದ. ಅದು ಅವನ ಸಮೇತ ಕೆಳಗೆ ಬಂದು, ಅವನನ್ನು ಚಾದರದ ಹಾಗೆ ಸುತ್ತಿಕೊಂಡಿತು. ಎಲ್ಲರೂ ಮುದಕಪ್ಪನ ಕಡೆ ತಿರುಗಿದರು. "ಹಾಲು ಉಕ್ಕಾಕತ್ತೈತಿ" ಎಂದು ಅವನು ಒಳಗೆ ಹೋದ. ಒಲೆ ಆರಿ ಬಹಳ ಹೊತ್ತಾಗಿತ್ತು. ಬೀಗರು ಮೂಗಿಗೆ ಕರವಸ್ತ್ರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಶಮಶಾದಬಿಯ ಮುಖದ ನಗು ಎಲ್ಲಿ ಹೋಯಿತೋ.

ಪ್ರಾಚಿಯ ಕಣ್ಣಲ್ಲಿ ನೀರಿತ್ತು. "ಮೊದಲನೇ ಸಲ ನಾ ನೋಡಿದ ಅಂಗಡಿಯೊಳಗೆಲ್ಲಾ ಸ್ವಚ್ಛ ಇದ್ದದ್ದು ನಿಮ್ಮದ, ಕಾಕಾ. ಹದಿನೆಂಟು ಸಾವಿರ ಯಾರಿಗೂ ಬಂದಿಲ್ಲ. ಅದು ಅರವತ್ತು ಲಕ್ಷ ಹೆಂಗಾತು ಅಂತ ನಮ್ಮ ಸರ್ ನಂಬವಲ್ಲರು. ನಾನ ತಪ್ಪು ಎಣಿಸೇನಿ, ಎಲ್ಲಾ ಮೊದಲಿಂದ ಮಾಡು ಅಂದಾರ. ಇರಬಹುದು. ನಂದ ತಪ್ಪಿರಬಹುದು. ನಿಮ್ಮ ಅಂಗಡಿ ಅಂಥಾದಲ್ಲ."

"ಹೌದ್ ಹೌದು, ಆ ಹುಡುಗಿದ ತಪ್ಪಿರತೈತಿ!" ಎಂದ ಅಕ್ಬರಸಾಬ ಫ್ಲೆಕ್ಸಿನೊಳಗಿಂದ. ಅಚ್ಚರಿಯೆಂದರೆ ಅವನು ಷಡ್ಡಕನ ಪರವಾಗಿ ಹೇಳಿದ್ದ.

ಜಲಾಲುದ್ದೀನ ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಅಂಗಡಿ ಉಳಿಯುತ್ತಿತ್ತು, ಮದುವೆ ಉಳಿಯುತ್ತಿತ್ತು. ಅವನು ತಲೆಯಾಡಿಸಲು ನೋಡಿದ. ಕುತ್ತಿಗೆ ಒಪ್ಪಲಿಲ್ಲ. ತಟ್ಟೆಯ ಮೇಲೆ ಬಗ್ಗಿ ಒಂದೊಂದೇ ಚುಕ್ಕೆಗೆ ಗುರುತು ಹಾಕುತ್ತಿದ್ದ ಆ ಹುಡುಗಿ ಕಣ್ಣಿಗೆ ಕಟ್ಟಿದ್ದಳು.

"ಬಾಯಾರ ಎಣಿಕಿ ಖರೆ ಐತಿ," ಎಂದ. "ಆ ತುಂಡು ನಾನ ಬಿಸಲಾಗ ಇಟ್ಟಿದ್ದೆ. ಅದೊಂದ ತುಂಡು. ಉಳದಿದ್ದು ಹೂತೇನಿ, ಯಾರಿಗೂ ಮಾರಿಲ್ಲ."

"ಯಾಕ?" ಎಂದಳು ಶಮಶಾದಬಿ.

"ಅಕ್ಬರಗಿಂತ ಹೆಚ್ಚಿಗಿ ಆಗ್ಲಿ ಅಂತ, ಅಮ್ಮಾ."

"ಅವನ ಮ್ಯಾಲೆ ಅಷ್ಟ್ ಯಾಕ ಹೊಟ್ಟಿಕಿಚ್ಚು ನಿನಗ?"

ಇಪ್ಪತ್ತು ವರ್ಷ ಒಳಗೆ ಕುದ್ದದ್ದು ಬೀಗರ ಮುಂದೆಯೇ ಉಕ್ಕಿತು. "ನಳ್ಳಿ, ಅಮ್ಮಾ! ನಿಮ್ಮ ಮನ್ಯಾಗ ಒಂದ ಸಲಾನೂ ನನ್ನ ತಾಟಿಗೆ ನಳ್ಳಿ ಬಿದ್ದಿಲ್ಲ!"

ಕಾಸಿಂಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಶಮಶಾದಬಿ ನೇರವಾಗಿ ಹಿರಿಯಳಿಯನ ಅಂಗಡಿಯೊಳಗೆ ಹೋದಳು. ಅವಳ ಗಂಡನೂ ಇದೇ ಧಂದೆಯವನಾಗಿದ್ದ. ಕೊಕ್ಕೆ ಮುಟ್ಟಿದಳು, ದಿಮ್ಮಿಯ ಮೇಲೆ ಅಂಗೈ ಆಡಿಸಿ ಮೂಸಿದಳು, ಬಿಳಿಯ ಬಟ್ಟೆ ಎತ್ತಿ ನೋಡಿದಳು. ಹೊರಗೆ ಬಂದು ಬೀಗರಿಗೆ ಹೇಳಿದಳು. "ಮದುವಿ ಮಟನ್ ಇಲ್ಲಿಂದನ ಹೋಗತೈತಿ. ತನ್ನ ಕೈಲೆ ತನ್ನ ಮಾನಾ ಕಳಕೊಂಡರೂ ಸುಳ್ಳ ಹೇಳಲಿಲ್ಲ ಈ ಹುಚ್ಚ. ಇವನ ಮಟನ್ ಕಣ್ಣ ಮುಚ್ಚಿ ಉಣಬಹುದು." ಆಮೇಲೆ ಹಿರಿಯಳಿಯನ ಕಡೆ ತಿರುಗಿ, "ಕಡಿಯಾಕ ಅಕ್ಬರನೂ ನಿನ್ನ ಬಾಜೂಕ ಕೂಡ್ತಾನ. ನೀ ಹೇಳಿದಂಗ ತೊಳೀತಾನ" ಎಂದಳು. ಇದು ಯಾರಿಗೆ ಕೊಟ್ಟ ಶಿಕ್ಷೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಮದುವೆ ಜೋರಾಗಿ ಆಯಿತು. ಅಕ್ಬರಸಾಬ ತೊಳೆದ ಚಾಕುವನ್ನೇ ಜಲಾಲುದ್ದೀನ ಮತ್ತೆ ಮೂರು ಸಲ ತೊಳೆಸಿದ. ಅವನು ಪ್ರತಿ ಸಲವೂ ಏನಾದರೊಂದು ನಗೆಮಾತು ಹೇಳಿ ತೊಳೆದ, ಜಲಾಲುದ್ದೀನನಿಗೆ ಒಂದೆರಡು ಸಲ ನಗು ತಡೆಯಲಾಗಲಿಲ್ಲ. ಪ್ರಾಚಿಯನ್ನೂ ಕರೆದಿದ್ದರು. ಅವಳಿಗೆ ಪಕ್ಕದ ಸಾಲಿನಲ್ಲಿ ಬೇರೆಯಾಗಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಏರ್ಪಾಡು. ಅಳಿಯಂದಿರು ಕಡೆಯ ಪಂಕ್ತಿಗೆ ಅಕ್ಕಪಕ್ಕ ಕೂತರು. ಶಮಶಾದಬಿ ಖುದ್ದಾಗಿ ಸೌಟು ಹಿಡಿದು ಬಂದಳು. ಮೊಟ್ಟಮೊದಲು ಜಲಾಲುದ್ದೀನನ ಮುಂದೆ ನಿಂತು, ತಪ್ಪಲೆಯ ತಳದಿಂದ ಎತ್ತಿ, ಅವನ ತಾಟಿಗೆ ಒಂದು ನಳ್ಳಿ ಹಾಕಿದಳು. ದೊಡ್ಡದು, ಮಜ್ಜೆ ತುಂಬಿದ್ದು.

ಜಲಾಲುದ್ದೀನನ ಕಣ್ಣು ಮಂಜಾಯಿತು. ಅದನ್ನು ಮೆಲ್ಲಗೆ ಎತ್ತಿದ, ತಾಟಿನ ಅಂಚಿಗೆ ಠಕ್ ಠಕ್ ಎಂದು ಬಡಿದ. ಹೀರಬೇಕೆಂದು ಬಾಯಿಗೆ ಒಯ್ಯುವಾಗ ಕಣ್ಣು ತಾನಾಗಿ ಪಕ್ಕದ ತಾಟಿಗೆ ಹೋಯಿತು. ಅಲ್ಲಿ ನೋಡಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕೈಯಲ್ಲಿದ್ದ ಎಲುಬನ್ನು ಕೆಳಗಿಟ್ಟ.

"ಬಾಯಾರ," ಎಂದು ಪಕ್ಕದ ಸಾಲಿನ ಕಡೆ ಬಾಗಿ ಪಿಸುಗುಟ್ಟಿದ, "ಅಕ್ಬರನ ತಾಟಿನ್ಯಾಗ ನಳ್ಳಿ ಎಷ್ಟದಾವ, ಸ್ವಲ್ಪ ನೋಡ್ರಿ. ನಂದು ಹಳೇ ಪದ್ಧತಿ. ನೀವು ಹೊಸಾ ಪದ್ಧತಿಲೆ ಎಣಸ್ರಿ."

ಪ್ರಾಚಿ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ತನ್ನ ಸಂಶೋಧನೆಗೆ ತಕ್ಕ ಗಾಂಭೀರ್ಯದಿಂದ ಎಣಿಸಿದಳು.

"ಎರಡೂ ಪದ್ಧತಿ ಒಂದ ಉತ್ತರಾ ಕೊಡ್ತಾವ, ಕಾಕಾ," ಎಂದಳು. "ಎರಡು."